ಅಂಗನವಾಡಿಯಿಂದ ಡಿಗ್ರಿವರೆಗೆ ನಾಲ್ಕು ಟಿಸಿ

ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಸೇರಿದ ಮಗು ಡಿಗ್ರಿ ಕಾಲೇಜಿಗೆ ಬರುವಷ್ಟರಲ್ಲಿ ಬಹಳ ಕಡೆ ನಾಲ್ಕು ಸಲ ಟಿಸಿ ತೆಗೆದುಕೊಂಡಿರುತ್ತದೆ. ಐದನೇ ಕ್ಲಾಸ್ ಮುಗಿದಾಗ, ಏಳು ಮುಗಿದಾಗ, ಎಸ್ಸೆಸ್ಸೆಲ್ಸಿ ಆದಮೇಲೆ, ಪಿಯುಸಿ ಆದಮೇಲೆ. ಅಂಗನವಾಡಿಯಿಂದ ಒಂದನೇ ಕ್ಲಾಸಿಗೆ ಬರುವಾಗ ಟಿಸಿಯ ಗೊಡವೆಯೇ ಇಲ್ಲ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಇದು ಶಾಲಾ ಶಿಕ್ಷಣ ಇಲಾಖೆ. ನಮ್ಮಲ್ಲಿ ಶಿಕ್ಷಣ ಸುಧಾರಣೆ ಅಂದರೆ ಪಠ್ಯಪುಸ್ತಕದ ಜಗಳ ಎಂದಾಗಿಬಿಟ್ಟಿದೆ. ಮಕ್ಕಳು ಎಡವುವುದು ಪುಸ್ತಕದಲ್ಲಲ್ಲ, ಹೊಸ್ತಿಲಲ್ಲಿ.

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯನ್ನು ಈ ಹೊಸ್ತಿಲುಗಳ ಲೆಕ್ಕದಲ್ಲೇ ಓದಬೇಕು. 2+8+4 ರಚನೆ: ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ದ್ವಿಭಾಷಾ ಸೂತ್ರ. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ. ಮೂರು ವರ್ಷದ ಡಿಗ್ರಿ, ಎರಡು ವರ್ಷದ ಪಿಜಿ. ಕಾಗದದ ಮೇಲೆ ಎಲ್ಲವೂ ಸರಿ. ಜಾರಿಗೆ ಏನು ಬೇಕು ಎಂದು ಕೇಳಿದಾಗಲೇ ತಲೆನೋವು ಶುರು.

ಮೊದಲ ಎರಡು ವರ್ಷವನ್ನೇ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಮಕ್ಕಳು ಇಪ್ಪತ್ತೇ ಇದ್ದರೂ ತರಗತಿ ಐದು. ಒಬ್ಬರು ಒಂದರಿಂದ ಮೂರನ್ನು ನಲಿ-ಕಲಿಯಲ್ಲಿ (ಕಾರ್ಡುಗಳಿಂದ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಒಟ್ಟಿಗೆ ಕೂರಿಸುತ್ತಾರೆ, ಇನ್ನೊಬ್ಬರು ನಾಲ್ಕು-ಐದು ನೋಡಿಕೊಳ್ಳುತ್ತಾರೆ. ನಡುವೆ ಬಿಸಿಯೂಟದ ಲೆಕ್ಕ, ಮಾಹಿತಿ ಅಪ್‌ಲೋಡು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗು. ಇದೇ ಶಾಲೆಗೆ ಮೂರನೆಯವರನ್ನು ಕೊಡದೆ ಎಲ್‌ಕೆಜಿ, ಯುಕೆಜಿ ಸೇರಿಸಿದರೆ ಇಬ್ಬರಿಗೆ ಏಳು ಗುಂಪು. ನಾಲ್ಕು ವರ್ಷದ ಮಗುವನ್ನು ಕಾರ್ಡು ಕೊಟ್ಟು ಮೂಲೆಯಲ್ಲಿ ಕೂರಿಸಲಾಗದು. ಅದು ಅಳುತ್ತದೆ, ಶೌಚಾಲಯಕ್ಕೆ ಕರೆದೊಯ್ಯಬೇಕು, ಮಧ್ಯಾಹ್ನ ಮಲಗಬೇಕು. ಅದಕ್ಕೇ ತರಬೇತಾದ ಒಬ್ಬ ಶಿಕ್ಷಕಿ, ಒಬ್ಬ ಆಯಾ, ಒಂದು ಪ್ರತ್ಯೇಕ ಕೋಣೆ: ಇದಕ್ಕಿಂತ ಕಡಿಮೆಯಲ್ಲಿ ಶುರು ಮಾಡುವುದೇ ಬೇಡ.

ಇತ್ತ ಅಂಗನವಾಡಿ ಕತೆಯೇನು? 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ಪ್ರಕಟವಾದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕದಲ್ಲಿ ಹುರುಳಿದೆ. ಮೂರರಿಂದ ಆರು ವರ್ಷದ ಮಕ್ಕಳು ಶಾಲೆಗೆ ಹೋದರೆ ಕೇಂದ್ರದಲ್ಲಿ ದಿನವಿಡೀ ಕೂರುವ ಮಕ್ಕಳೇ ಇರುವುದಿಲ್ಲ. ಶಾಲೆಯ ಆವರಣದಲ್ಲೇ ಅಂಗನವಾಡಿ ನಡೆಸಿ, ಆಹಾರ ಮತ್ತು ಆರೋಗ್ಯ ಆ ಇಲಾಖೆಗೆ, ಕಲಿಕೆ ಈ ಇಲಾಖೆಗೆ ಎಂದು ಲಿಖಿತವಾಗಿ ಹಂಚುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಬಾಯಿಮಾತಿನ 'ಸಮನ್ವಯ' ನಡೆಯುವುದಿಲ್ಲ. ಒಂದು ಇಲಾಖೆಯ ಸುತ್ತೋಲೆಯನ್ನು ಇನ್ನೊಂದು ಇಲಾಖೆ ಓದುವುದೇ ಇಲ್ಲ.

ವಯಸ್ಸಿನ ನಿಯಮವೂ ಇಲ್ಲೇ ಸಿಕ್ಕಿಕೊಂಡದ್ದು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲೇ ಆದೇಶವಾಯಿತು, 2025-26ಕ್ಕೆ ಮುಂದೂಡಲಾಯಿತು, ಆ ವರ್ಷ ಬಂದಾಗ ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು. ಮೂರೂವರೆಗೇ ಎಲ್‌ಕೆಜಿ ಸೇರಿದ ಮಗು ಯುಕೆಜಿ ಮುಗಿಸಿ ನಿಂತಿತ್ತು, ಅದನ್ನು ಎಲ್ಲಿಗೆ ಕಳಿಸುವುದು? ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಯಮ ಹಾಕುವ ಎರಡು ವರ್ಷ ಮೊದಲೇ ಎಲ್‌ಕೆಜಿ ಬಾಗಿಲಲ್ಲಿ ಅದು ಬಿಗಿಯಾಗಿರಬೇಕಿತ್ತು.

ಕಲಿಕಾ ಮಾಧ್ಯಮದ ವಿಷಯದಲ್ಲಿ ಒಂದು ಮಾತು ಮರೆಯುವಂತಿಲ್ಲ. ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಕಡ್ಡಾಯಗೊಳಿಸಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿದೆ. ಹಾಗಾಗಿ ಐದನೇವರೆಗೆ ಕನ್ನಡ ಎಂಬುದು ನಿಜವಾಗಿ ಜಾರಿಯಾಗಬಹುದಾದದ್ದು ಸರ್ಕಾರಿ ಶಾಲೆಯಲ್ಲಿ. ಖಾಸಗಿಯವರಿಗೆ ಅದು ಸಲಹೆ ಅಷ್ಟೇ.

ಎಲ್ಲಕ್ಕಿಂತ ಎತ್ತರದ ಹೊಸ್ತಿಲು ಹತ್ತರಿಂದ ಪಿಯುಸಿಗೆ. ಕನ್ನಡ ಮಾಧ್ಯಮದಲ್ಲಿ 'ವೇಗೋತ್ಕರ್ಷ' ಕಲಿತ ಹುಡುಗಿಗೆ ವಿಜ್ಞಾನ ವಿಭಾಗದ ಮೊದಲ ವಾರದಲ್ಲೇ 'ಆಕ್ಸಲರೇಶನ್' ಎದುರಾಗುತ್ತದೆ, 'ದ್ಯುತಿಸಂಶ್ಲೇಷಣೆ' 'ಫೋಟೋಸಿಂಥೆಸಿಸ್' ಆಗುತ್ತದೆ. ಅವಳಿಗೆ ಭೌತಶಾಸ್ತ್ರ ಬಾರದೆ ಅಲ್ಲ, ಪ್ರಶ್ನೆಯೇ ಅರ್ಥವಾಗದೆ ಕಿರುಪರೀಕ್ಷೆಯಲ್ಲಿ ಸೋಲುತ್ತಾಳೆ. ದಸರಾ ರಜೆಯ ಹೊತ್ತಿಗೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳಲೇ ಎಂದು ಕೇಳುತ್ತಾಳೆ. ಪ್ರಾಥಮಿಕ, ಪ್ರೌಢ ಶಾಲೆಗಳಲ್ಲಿ ವರ್ಷಾರಂಭಕ್ಕೆ ಸೇತುಬಂಧ ಇದೆ: ಪೂರ್ವ ಪರೀಕ್ಷೆ, ಕೆಲ ದಿನಗಳ ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ. ಅದು ನಿಜಕ್ಕೂ ಬೇಕಾದದ್ದು ಪ್ರಥಮ ಪಿಯುಸಿಗೆ. ಎಂಟನೇ ತರಗತಿಯಿಂದಲೇ ವಿಜ್ಞಾನ, ಗಣಿತದ ಪ್ರತಿ ಪಾಠದ ಕೊನೆಗೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕೊಟ್ಟು, ಪಿಯುಸಿಯ ಮೊದಲ ಆರು ವಾರ ದಿನಕ್ಕೊಂದು ಪೀರಿಯಡ್ ಅದಕ್ಕೇ ಮೀಸಲಿಟ್ಟರೆ ಅರ್ಧ ಕೆಲಸ ಆದಂತೆ. ಖರ್ಚೂ ಹೆಚ್ಚಿಲ್ಲ.

ಅದೇ ಬಾಗಿಲಿಗೆ ಇನ್ನೊಂದು ತೊಡಕು. 2024, 2025ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇದ್ದದ್ದು ಒಳ್ಳೆಯದೇ. ಆದರೆ 2025ರಲ್ಲಿ ಪರೀಕ್ಷೆ-3 ನಡೆದದ್ದು ಜುಲೈನಲ್ಲಿ, ಪಿಯು ತರಗತಿಗಳು ಜೂನ್‌ನಲ್ಲೇ ಶುರುವಾಗಿದ್ದವು. ಮೂರನೇ ಯತ್ನದಲ್ಲಿ ಪಾಸಾದವನೇ ಹೆಚ್ಚು ಆಸರೆ ಬೇಕಾದವನು, ಅವನೇ ತಡವಾಗಿ ಬಂದು ಕೊನೇ ಬೆಂಚಿನಲ್ಲಿ ಕೂತ. ಇನ್ನು ಫಲಿತಾಂಶದ ಪರ್ಸೆಂಟೇಜು: 2023ರಲ್ಲಿ 83.89 ಇದ್ದದ್ದು ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಕಣ್ಗಾವಲು) ಬಂದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಸೇರಿ. ಒಂದು ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಕ್ಯಾಮೆರಾ ಬಂತು.

ಡಿಗ್ರಿಯದ್ದು ಬೇರೆ ರೀತಿಯ ಪಾಡು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ನಾಲ್ಕು ವರ್ಷದ ಆನರ್ಸ್. 2024-25ಕ್ಕೆ ಮತ್ತೆ ಮೂರು ವರ್ಷ. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿಗೆ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಪಠ್ಯಕ್ರಮ, ಮೂರು ಮತ್ತು ಐದಕ್ಕೆ ಎನ್‌ಇಪಿ. ಹಳೇ ಸ್ಕೀಮಿನಲ್ಲಿ ಪೇಪರ್ ಉಳಿಸಿಕೊಂಡವರಿಗೆ ವರ್ಷಗಟ್ಟಲೆ ಪ್ರತ್ಯೇಕ ಪ್ರಶ್ನೆಪತ್ರಿಕೆ ತೆಗೆಯಲೇಬೇಕು. ಅದರ ವೇಳಾಪಟ್ಟಿ ಮಾಡುವವರ ಮುಖ ನೋಡಬೇಕು!

ಕೊನೆಗೆ ಆ ನಾಲ್ಕು ವರ್ಷದ ಪ್ರೌಢ ಹಂತ. ಸಂಯುಕ್ತ ಪದವಿ ಪೂರ್ವ ಕಾಲೇಜಿಗೆ ಹೋದರೆ ಒಂದೇ ಕಾಂಪೌಂಡಿನಲ್ಲಿ ಪ್ರಾಂಶುಪಾಲರು, ಉಪ ಪ್ರಾಂಶುಪಾಲರು ಇಬ್ಬರೂ ಸಿಗುತ್ತಾರೆ. ಹೈಸ್ಕೂಲು ವಿಭಾಗದ ಕಡತ ಬಿಇಒಗೆ, ಕಾಲೇಜು ವಿಭಾಗದ್ದು ಪದವಿ ಪೂರ್ವ ಶಿಕ್ಷಣದ ಉಪನಿರ್ದೇಶಕರಿಗೆ (ಡಿಡಿಪಿಯು). ಹೈಸ್ಕೂಲು ಶಿಕ್ಷಕರಿಗೆ ಡಿಗ್ರಿ ಮತ್ತು ಬಿ.ಎಡ್., ಉಪನ್ಯಾಸಕರಿಗೆ ಸ್ನಾತಕೋತ್ತರ ಪದವಿಯೂ ಬೇಕು. ಜ್ಯೇಷ್ಠತಾ ಪಟ್ಟಿ ಬೇರೆ ಬೇರೆ. ಒಂಬತ್ತರಿಂದ ಹನ್ನೆರಡನ್ನು ಒಂದು ಮಾಡಬೇಕಾದರೆ ಮೊದಲು ತಿದ್ದಬೇಕಾದದ್ದು ವೃಂದ ಮತ್ತು ನೇಮಕಾತಿ ನಿಯಮ. ಆಮೇಲೆ ಎಂಟನೇ ತರಗತಿಯನ್ನು ಪ್ರಾಥಮಿಕ ಶಾಲೆಗೆ ಇಳಿಸಿದಾಗ ಹೈಸ್ಕೂಲಿನಲ್ಲಿ ಹೆಚ್ಚುವರಿಯಾಗುವ ಶಿಕ್ಷಕರನ್ನು ಎಲ್ಲಿಗೆ ಹಾಕುವುದು ಎಂಬ ಪಟ್ಟಿ, ಆಮೇಲೆ ಕೋಣೆ, ಕೊನೆಗೆ ಬೋರ್ಡು. ಬೋರ್ಡಿಗೆ ಬಣ್ಣ ಬಳಿಯುವುದರಿಂದ ಶುರು ಮಾಡಿದರೆ ಮೊದಲ ವರ್ಗಾವಣೆಗೇ ಯಾರಾದರೂ ಕೆಎಟಿಯಿಂದ (ಸರ್ಕಾರಿ ನೌಕರರ ಸೇವಾ ವಿವಾದ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿ) ತಡೆಯಾಜ್ಞೆ ತರುತ್ತಾರೆ.