ಯೇಸುವಿನ ಬಗ್ಗೆ ಹೇಳಿದರೆ ನಿಮಗೆ ಸಿಟ್ಟು ಬರುತ್ತದಾ?

ನಮ್ಮದು ಕಾರವಾರದ ಹಿಂದೂ ಮನೆ. ಕ್ರಿಶ್ಚಿಯನ್ ಗೆಳತಿಯರು ಆಗಾಗ ನನ್ನನ್ನು ಹೀಗೆ ಕೇಳುತ್ತಾರೆ. ಯಾರು ಹೇಳುತ್ತಾರೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಅದರ ಮೇಲಿದೆ.

ಬಸ್ ಸ್ಟ್ಯಾಂಡಿನಲ್ಲಿ ಕೊಡುವ ಕರಪತ್ರಕ್ಕೆ ಸಿಟ್ಟೇನೂ ಬರುವುದಿಲ್ಲ. ಓದಿದ ನೆನಪೂ ಇಲ್ಲ. ಡಿಸೆಂಬರ್ 3ಕ್ಕೆ ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ ಆಗುತ್ತದೆ. ಅಲ್ಲಿಗೆ ನಮ್ಮಂಥವರು ತಾವಾಗಿಯೇ ಹೋಗುತ್ತಾರೆ, ಯಾರೂ ಕರೆಯಬೇಕಾಗಿಲ್ಲ.

ಸಿಟ್ಟು ಬಂದದ್ದು ಒಂದೇ ಸಲ. ಆಯಿ, ಅಂದರೆ ನನ್ನ ಅಮ್ಮ, ಆಸ್ಪತ್ರೆಯಲ್ಲಿದ್ದಳು. ಗುರುತಿಲ್ಲದ ಒಬ್ಬರು ವಾರ್ಡಿಗೆ ಬಂದು, ಮನೆಯ ದೇವರ ಫೋಟೊ ತೆಗೆದರೆ ಕಾಯಿಲೆ ವಾಸಿಯಾಗುತ್ತದೆ ಎಂದರು. ಆಯಿ ಗೋಡೆಯ ಕಡೆ ತಿರುಗಿ ಮಲಗಿದಳು. ಬೇಡ ಅನ್ನಲಿಕ್ಕೂ ತ್ರಾಣ ಬೇಕಲ್ವಾ? ಧರ್ಮ ಪ್ರಚಾರದ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೇಳುವ ಹಕ್ಕು ನಿಮಗೆ ಇರಲೇಬೇಕು. ಆದರೆ ಹಾಸಿಗೆ ಹಿಡಿದವರ ಹೆದರಿಕೆಯನ್ನು ಬಳಸಿಕೊಳ್ಳಬೇಡಿ.

ಅದೇ ವಾರ್ಡಿಗೆ ನಮ್ಮ ಪಕ್ಕದ ಮನೆಯ ಅಕ್ಕೋರೂ ಬರುತ್ತಿದ್ದರು. ರಿಟೈರ್ ಆದ ಟೀಚರ್, ಕ್ರಿಶ್ಚಿಯನ್. ಮೂರು ರಾತ್ರಿ ನನ್ನನ್ನು ಮಲಗಲು ಕಳಿಸಿ ತಾವು ಕೂತರು. ಗಂಜಿ ಕುಡಿಸಿದರು. ಕೊನೆಯ ದಿನ, "ನಿಮಗೋಸ್ಕರ ಪ್ರಾರ್ಥನೆ ಮಾಡಲಾ?" ಎಂದು ಕೇಳಿದರು. ಆಯಿ ಕೈ ಚಾಚಿದಳು.

ಮನೆಗೆ ಬಂದ ಮೇಲೆ ಆಯಿಯೇ ಕೇಳಿದಳು, "ನಿಮ್ಮ ಯೇಸು ಏನು ಹೇಳ್ತಾನೆ ಅಕ್ಕೋರೇ?" ಅವರು ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆ ಹೇಳಿದರು. ಕಿರಿಯ ಮಗ ಆಸ್ತಿಯ ಪಾಲು ತೆಗೆದುಕೊಂಡು ದೂರ ಹೋಗುತ್ತಾನೆ. ಎಲ್ಲ ಕಳೆದುಕೊಂಡು ಹಂದಿ ಮೇಯಿಸುತ್ತಾನೆ. ಮರಳಿ ಬರುವಾಗ ಅಪ್ಪ ದೂರದಿಂದಲೇ ಕಂಡು, ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಆಯಿಯ ಅಣ್ಣ ಮುಂಬೈಗೆ ಹೋದವನು ಊರಿಗೆ ಬರಲೇ ಇಲ್ಲ. ಅಜ್ಜ ಜಗಲಿಯಲ್ಲಿ ಕೂತು ಕಾದದ್ದನ್ನು ಅವಳು ಕಂಡವಳು. "ಅಪ್ಪನೇ ಓಡಿಹೋದನಾ?" ಎಂದು ಎರಡು ಸಲ ಕೇಳಿದಳು.

ಆಯಿ ಧರ್ಮ ಬದಲಿಸಲಿಲ್ಲ. ತುಳಸಿಗೆ ನೀರು ಹಾಕುವುದು ತಪ್ಪಲಿಲ್ಲ. ಅಕ್ಕೋರು ಬರುವುದೂ ತಪ್ಪಲಿಲ್ಲ. ನಾವು ನೋಡುವುದು ಇದನ್ನೇ. ನಿಮ್ಮ ಮಾತು ಒಪ್ಪದಿದ್ದರೂ ನಾಳೆ ನಮ್ಮ ಮನೆಗೆ ಬರುತ್ತೀರಾ?

ಆ ಕಥೆಯಲ್ಲಿ, ಮರಳಿ ಬಂದ ತಮ್ಮನಿಗೆ ಔತಣ ಮಾಡಿಸಿದ ಅಪ್ಪನ ಮೇಲೆ ಸಿಟ್ಟಾಗಿ ಹೊರಗೇ ನಿಂತ ಹಿರಿಯ ಮಗ ಕೊನೆಗೆ ಒಳಗೆ ಹೋದನಾ ಎಂದು ಆಯಿ ಈಗಲೂ ಕೇಳುತ್ತಾಳೆ. ಸುವಾರ್ತೆಯಲ್ಲಿ ಅದನ್ನು ಬರೆದಿಲ್ಲ ಎನ್ನುತ್ತಾರೆ ಅಕ್ಕೋರು. ಚಹಾ ಆರಿಹೋದರೂ ಇಬ್ಬರ ಮಾತು ಮುಗಿಯುವುದಿಲ್ಲ.