ಐದನೆಯ ಹಂತದಲ್ಲಿದ್ದ ಎಚ್ಚರಿಕೆ

ಕಳೆದ ಸಾಫ್ಟ್‌ವೇರ್ ರಿಲೀಸಿನ ಡಾಕ್ ರಿವ್ಯೂನಲ್ಲಿ, ಅಂದರೆ ಬಳಕೆದಾರರಿಗೆ ಕೊಡುವ ಗೈಡುಗಳ ಪರಿಶೀಲನೆಯಲ್ಲಿ, ನಮ್ಮ ಮ್ಯಾನೇಜರ್ ಟೆಕ್ನಿಕಲ್ ರೈಟರ್ ಆದ ನನಗೆ ಆಡಿದ ಮಾತು ಇನ್ನೂ ಚುಚ್ಚುತ್ತಿದೆ: "ಅಪ್‌ಗ್ರೇಡ್ ಗೈಡನ್ನು ಡೆವಲಪರ್‌ಗಳೇ ಬರೆದಿದ್ದಾರೆ, ನೀವು ಭಾಷೆಯೊಂದನ್ನು ನೋಡಿಕೊಟ್ಟರೆ ಸಾಕು."

ಭಾಷೆಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇರಲಿಲ್ಲ. ಸರಳೀಕೃತ ತಾಂತ್ರಿಕ ಇಂಗ್ಲಿಷಿನ ಎಎಸ್‌ಡಿ-ಎಸ್‌ಟಿಇ100 ಮಾನದಂಡವು ಕಾರ್ಯವಿಧಾನದ ವಾಕ್ಯಗಳಿಗೆ ಹಾಕಿರುವ 20 ಪದಗಳ ಮಿತಿಯನ್ನು ಯಾವ ಹಂತವೂ ದಾಟಿರಲಿಲ್ಲ. ಆದರೆ ಡೇಟಾವನ್ನು ಹೊಸ ರೂಪಕ್ಕೆ ಸಾಗಿಸುವ ಮೈಗ್ರೇಶನ್ ಕಮಾಂಡ್ ಇದ್ದದ್ದು ನಾಲ್ಕನೆಯ ಹಂತದಲ್ಲಿ; ಅದು ಹಳೆಯ ಟೇಬಲ್‌ಗಳನ್ನು ಅಳಿಸಿಹಾಕುತ್ತದೆ, ಆದ್ದರಿಂದ ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು ಎಂಬ ಸೂಚನೆ ಇದ್ದದ್ದು ಐದನೆಯ ಹಂತದ ಕೆಳಗೆ. ಗೈಡನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವವರು ಒಂದು ಹಂತ ಓದಿ, ಅದನ್ನು ಮುಗಿಸಿದ ಮೇಲಷ್ಟೇ ಮುಂದಿನದನ್ನು ಓದುತ್ತಾರೆ.

"ಬ್ಯಾಕಪ್ ಇಲ್ಲದೆ ಅಪ್‌ಗ್ರೇಡಿಗೆ ಯಾರು ಕೈಹಾಕುತ್ತಾರೆ?" ಎಂದು ಡೆವಲಪರ್ ಕೇಳಿದರು. ಫ್ರೀಜ್‌ಗೆ, ಅಂದರೆ ಬದಲಾವಣೆಗಳನ್ನು ನಿಲ್ಲಿಸುವ ಗಡುವಿಗೆ, ಹೆಚ್ಚು ಸಮಯವಿರಲಿಲ್ಲ. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು. ವಾದ ಬೆಳೆಸದೆ ಸ್ಕ್ರೀನ್ ಶೇರ್ ಮಾಡಿ, ಟೆಸ್ಟ್ ಸರ್ವರಿನ ಮೇಲೆ ಗೈಡಿನಲ್ಲಿದ್ದುದನ್ನೇ, ಇದ್ದ ಕ್ರಮದಲ್ಲೇ ಮಾಡುತ್ತಾ ಹೋದೆ. ನಾಲ್ಕನೆಯ ಹಂತ ಮುಗಿದ ಮೇಲೆ ಹಳೆಯ ಟೇಬಲ್ ಮೇಲೆ ಕ್ವೆರಿ ಕೊಟ್ಟಾಗ, ಅಂಥ ಟೇಬಲ್ಲೇ ಇಲ್ಲವೆಂಬ ಎರರ್ ಬಂತು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. "ಅದನ್ನು ಮೇಲಕ್ಕೆ ತನ್ನಿ, ಹಳೆಯ ಸ್ಥಿತಿಗೆ ಮರಳುವ ರೋಲ್‌ಬ್ಯಾಕ್ ವಿಧಾನವನ್ನು ಈಗಲೇ ಬರೆದುಕೊಡುತ್ತೇನೆ" ಎಂದು ಮೊದಲು ಹೇಳಿದವರು ಆ ಡೆವಲಪರೇ.

ಹೀಗೆ ಓದುಗರ ಜಾಗದಲ್ಲಿ ಕೂತು, ಪ್ರತಿ ಹಂತವನ್ನೂ ತಾನೇ ಮಾಡಿ ನೋಡಿ, ಎಲ್ಲಿ ಅನಾಹುತವಾದೀತೆಂದು ಹುಡುಕುವವರೇ ನನ್ನ ದೃಷ್ಟಿಯಲ್ಲಿ ಟೆಕ್ನಿಕಲ್ ರೈಟರ್; ಅವರ ಹುದ್ದೆಯ ಹೆಸರು ಡೆವಲಪರ್ ಎಂದಿದ್ದರೂ, ಸಪೋರ್ಟ್ ಇಂಜಿನಿಯರ್ ಎಂದಿದ್ದರೂ ಸರಿಯೇ. ಟೂಲ್ ಬಲ್ಲವರೆಲ್ಲ ಆ ಸಾಲಿಗೆ ಸೇರುವುದಿಲ್ಲ. ತಾಂತ್ರಿಕ ಬರಹವನ್ನು ಅಚ್ಚುಕಟ್ಟಾಗಿ ವಿಂಗಡಿಸುವ, 2005ರಲ್ಲಿ ಓಯಾಸಿಸ್ ಎಂಬ ಸಂಸ್ಥೆಯ ಮಾನದಂಡವಾದ ಡಿಟಾದ ಟಾಸ್ಕ್ (ಹಂತ ಹಂತದ ಕೆಲಸದ) ಮಾದರಿಯಲ್ಲಿ ಪೂರ್ವಸಿದ್ಧತೆಗೆಂದು ಹಂತಗಳಿಗಿಂತ ಮೊದಲೇ ಜಾಗವಿದೆ ನಿಜ, ಆದರೆ ಅಲ್ಲಿ ಬ್ಯಾಕಪ್ಪಿನ ಮಾತು ಬರಬೇಕೆಂದು ಯಾವ ಟೂಲೂ ಹೇಳಿಕೊಡುವುದಿಲ್ಲ; ಕಮಾಂಡ್ ಓಡಿಸಿ ನೋಡಿದವರಿಗಷ್ಟೇ ಅದು ತಿಳಿಯುತ್ತದೆ.

ಆದರೂ ನೇಮಕಾತಿಯ ವಿವರಣೆಗಳಲ್ಲಿ ಮಾರ್ಕ್‌ಡೌನ್, ಗಿಟ್‌ನಂಥ ಟೂಲ್‌ಗಳು, ದೋಷವಿಲ್ಲದ ಭಾಷೆ ಇವನ್ನೇ ಕೇಳುತ್ತಾರೆ. ನಮ್ಮ ತಂಡದಲ್ಲಿ ಟೆಸ್ಟ್ ಸರ್ವರಿನ ಆಕ್ಸೆಸ್ ಬೇಕೆಂದರೆ ರೈಟರ್‌ಗಳು ಈಗಲೂ ಪ್ರತಿ ರಿಲೀಸಿಗೂ ಹೊಸದಾಗಿ ಟಿಕೆಟ್ ಹಾಕಿ, ಕಾರಣ ಬರೆದು, ಅನುಮೋದನೆಗೆ ಕಾಯಬೇಕು. ಆ ಆಕ್ಸೆಸ್ಸನ್ನು ಕೆಲಸಕ್ಕೆ ಸೇರಿದ ದಿನವೇ ಕೊಡಬೇಕೆಂದು ಮ್ಯಾನೇಜರಿಗೆ ಬರೆದಿದ್ದೇನೆ.