ನೆಲವೂ ಸ್ವಲ್ಪ ಡೊಂಕೇ

ಜೂನ್ 16, 2024, ಭಾನುವಾರ

ಒಂದು ಎಸ್‌ಎಸ್‌ಡಿ (ಕಂಪ್ಯೂಟರಿನಲ್ಲಿ ಫೈಲುಗಳನ್ನು ಇಡುವ ಡಿಸ್ಕ್) ಆರಿಸೋಣ ಅಂತ ಕೂತವಳು ಆನ್‌ಲೈನಿನಲ್ಲಿ ಕೊಂಡವರ ರಿವ್ಯೂ ಓದುತ್ತಾ ಅರ್ಧ ದಿನ ಕಳೆದೆ. ಎಸ್‌ಎಸ್‌ಡಿ ಇನ್ನೂ ಆರಿಸಿಲ್ಲ. ಐದು ಸ್ಟಾರ್ ಕೊಟ್ಟವರ ಮಾತಲ್ಲಿ ಓದುವಂಥದ್ದು ಏನೂ ಇರುವುದಿಲ್ಲ. ಚೆನ್ನಾಗಿದೆ, ಸೂಪರ್, ಮುಗೀತು. ಒಂದು ಸ್ಟಾರ್‌ನವರು ಹಾಗಲ್ಲ. ಅವರ ಹತ್ತಿರ ಕಥೆ ಇರುತ್ತದೆ, ಸಿಟ್ಟಿರುತ್ತದೆ, ಒಬ್ಬ ಖಳನಾಯಕನೂ ಇರುತ್ತಾನೆ. ಎಷ್ಟೋ ಸಲ ಆ ಕಥೆಯ ಮೂರನೇ ಸಾಲಿನಲ್ಲೇ ಅವರ ತೊಂದರೆಗೆ ಉತ್ತರವೂ ಇರುತ್ತದೆ. ಬರೆದವರಿಗೆ ಮಾತ್ರ ಅದು ಕಂಡಿರುವುದಿಲ್ಲ.

ಯಾವ ಕಂಪನಿಯ ಡಿಸ್ಕ್ ತೆರೆದು ನೋಡಿದರೂ ಒಂದು ದೂರು ಗ್ಯಾರಂಟಿ. ಒಂದು ಟಿಬಿ, ಅಂದರೆ ಸಾವಿರ ಜಿಬಿ ಅಂತ ಕೊಂಡರೆ ಕಂಪ್ಯೂಟರ್ 931 ಜಿಬಿ ತೋರಿಸುತ್ತಿದೆ, ಉಳಿದ 69 ಜಿಬಿ ಯಾರು ತಿಂದರು ಅಂತ. ಇವತ್ತು ಓದಿದ ಒಬ್ಬರಂತೂ ಬಹಳ ಮುಂದೆ ಹೋಗಿದ್ದರು. ಇದು ಯಾರೋ ಬಳಸಿ ವಾಪಸ್ ಕೊಟ್ಟ ಡಿಸ್ಕು, ಅವರ ಫೈಲುಗಳು ಇನ್ನೂ ಒಳಗೆ ಅಡಗಿವೆ ಅನ್ನುವುದು ಅವರ ತೀರ್ಮಾನ. ಇನ್ನೊಬ್ಬರು ಹಟ ಹಿಡಿದು ಬೇರೆ ಕಂಪನಿಯ ಡಿಸ್ಕ್ ತರಿಸಿದ್ದಾರೆ. ಅದರಲ್ಲೂ 931. ಎಲ್ಲ ಕಂಪನಿಗಳೂ ಒಳಗೊಳಗೇ ಒಂದಾಗಿವೆ ಅನ್ನುವುದಕ್ಕೆ ಅವರಿಗೆ ಇನ್ನೇನು ಸಾಕ್ಷಿ ಬೇಕು?

ಕದ್ದವರು ಯಾರೂ ಇಲ್ಲ. ಡಿಸ್ಕ್ ಮಾಡುವವರ ಲೆಕ್ಕದಲ್ಲಿ ಒಂದು ಟಿಬಿ ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ, ಅಷ್ಟು ಬೈಟ್. ವಿಂಡೋಸ್ ಅದನ್ನು 1024ರಿಂದ ಮೂರು ಸಲ ಭಾಗಿಸಿ, ಬಂದದ್ದರ ಪಕ್ಕ ಜಿಬಿ ಅಂತ ಬರೆಯುತ್ತದೆ. ಭಾಗಿಸಿ ನೋಡಿ, 931 ಮತ್ತು ಒಂದು ಚೂರು. ಒಂದೇ ಒಂದು ಬೈಟ್ ಕೂಡ ಎಲ್ಲೂ ಹೋಗಿಲ್ಲ. ಈ ಎರಡನೇ ಲೆಕ್ಕಕ್ಕೆ 1998ರಲ್ಲೇ ಐಇಸಿ ಅನ್ನುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗಿಬಿಬೈಟ್ ಅಂತ ಬೇರೆ ಹೆಸರು ಕೊಟ್ಟಿತು. ಆ ಹೆಸರನ್ನು ಬಾಯಿಬಿಟ್ಟು ಹೇಳುವವರನ್ನು ನಾನಂತೂ ಕಂಡಿಲ್ಲ. ಆಪಲ್ 2009ರಲ್ಲಿ ಸ್ನೋ ಲೆಪರ್ಡ್ ಅನ್ನುವ ಮ್ಯಾಕ್ ಆಪರೇಟಿಂಗ್ ಸಿಸ್ಟಂ ತಂದಾಗ ಸಾವಿರದ ಲೆಕ್ಕಕ್ಕೆ ಬಂತು. ಹಾಗಾಗಿ ಒಂದೇ ಡಿಸ್ಕು ಮ್ಯಾಕ್‌ನಲ್ಲಿ 1 ಟಿಬಿ, ವಿಂಡೋಸ್‌ನಲ್ಲಿ 931 ಜಿಬಿ.

ಕುಣಿಯಲಾರದವರು ನೆಲ ಡೊಂಕು ಅಂದರಂತೆ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ಇಲ್ಲಿ ನೆಲವೂ ಸ್ವಲ್ಪ ಡೊಂಕೇ ಅಲ್ವಾ? ಹೆಸರು ಒಂದು, ಅಳತೆ ಎರಡು. ಅಮೆರಿಕದಲ್ಲಿ ಇದೇ ದೂರು ಕೋರ್ಟ್ ಮೆಟ್ಟಿಲು ಹತ್ತಿತ್ತು. 2006ರಲ್ಲಿ ಡಿಸ್ಕ್ ಮಾಡುವ ವೆಸ್ಟರ್ನ್ ಡಿಜಿಟಲ್ ಕಂಪನಿ ರಾಜಿಗೆ ಬಂದು, ಗ್ರಾಹಕರಿಗೆ ಬ್ಯಾಕಪ್ ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟಿತು. ಜಾಗ ಕಮ್ಮಿ ಬಂತು ಅಂದವರಿಗೆ, ಇರುವ ಜಾಗವನ್ನೂ ತುಂಬಿಸುವ ಸಾಫ್ಟ್‌ವೇರ್! ಹಳೇ 1.44 ಎಂಬಿ ಫ್ಲಾಪಿ ಡಿಸ್ಕಿನದು ಇನ್ನೂ ಮಜಾ. ಅದರಲ್ಲಿ ಹಿಡಿಯುತ್ತಿದ್ದದ್ದು 14,74,560 ಬೈಟ್. ಅದನ್ನು ಒಂದು ಸಲ 1024ರಿಂದ, ಇನ್ನೊಂದು ಸಲ 1000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ. ಅಂದರೆ ಅದು ಆ ಲೆಕ್ಕವೂ ಅಲ್ಲ, ಈ ಲೆಕ್ಕವೂ ಅಲ್ಲ. ಪಾಪ, ಒಂದು ಸ್ಟಾರ್‌ನವರನ್ನು ಬೈದು ಏನು ಬಂತು?

ಹೊಸ ಡಿಸ್ಕ್ ಹಾಕಿದೆ, ಕಂಪ್ಯೂಟರಿನಲ್ಲಿ ಕಾಣುತ್ತಲೇ ಇಲ್ಲ, ಸತ್ತ ಮಾಲು ಕಳಿಸಿದ್ದಾರೆ ಅನ್ನುವವರೂ ಬೇಕಾದಷ್ಟು ಜನ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ (ವಿಂಡೋಸ್‌ನಲ್ಲೇ ಇರುವ ಸಾಧನ) ಇನಿಶಿಯಲೈಸ್ ಮಾಡಿ ಫಾರ್ಮ್ಯಾಟ್ ಮಾಡುವವರೆಗೆ, ಅಂದರೆ ಡಿಸ್ಕನ್ನು ಬಳಕೆಗೆ ಸಿದ್ಧ ಮಾಡುವವರೆಗೆ, ಅದು ಕಾಣುವುದಿಲ್ಲ. ಎರಡು ನಿಮಿಷದ ಕೆಲಸ. ಅದನ್ನು ಡಬ್ಬದ ಮೇಲೆ ಒಂದು ಸಾಲು ಬರೆಯೋಕೆ ಯಾರಿಗೆ ಏನು ಕಷ್ಟವೋ ಗೊತ್ತಿಲ್ಲ.

ಇವತ್ತಿನ ನನ್ನ ಅಚ್ಚುಮೆಚ್ಚಿನ ರಿವ್ಯೂ ಪ್ರೊಸೆಸರ್ ಕೂಲರ್‌ನದು. ಬರೆದವರು ಶಿಸ್ತಿನ ಮನುಷ್ಯ. ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಅಂತ ಪಟ್ಟಿ ಮಾಡಿದ್ದಾರೆ. ಕಂಪ್ಯೂಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಪ್ರೊಸೆಸರ್ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಪ್ರೊಸೆಸರಿನ ಶಾಖ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚುವ ಪೇಸ್ಟ್ ಬದಲಿಸಿದರು, ಫ್ಯಾನ್ ತಿರುಗಿಸಿ ಹಾಕಿದರು, ಏನೂ ಆಗಲಿಲ್ಲ. ಕೊನೆಗೆ ಸಾಕ್ಷಿಗೆ ಇರಲಿ ಅಂತ ಕೂಲರ್ ಬಿಚ್ಚಿ, ಅದರ ತಳದ ಫೋಟೋ ಹಾಕಿದ್ದಾರೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಬೂದು ಬಣ್ಣದ ಪೇಸ್ಟ್ ನೀಟಾಗಿ ಹರಡಿದೆ, ನಾಲ್ಕೂ ಮೂಲೆಗೆ ತಲುಪಿದೆ. ಒಂದು ಮೂಲೆಯಲ್ಲಿ ಮಾತ್ರ ಪೇಸ್ಟ್ ಸರಿದು, ಅಡಿಯಲ್ಲಿ ತೆಳ್ಳಗಿನ ಪಾರದರ್ಶಕ ಹಾಳೆ ಹೊಳೆಯುತ್ತಿದೆ. ಅದರ ಮೇಲೆ ಕೆಂಪು ಅಕ್ಷರದ ಬಾಲ ಕಾಣುತ್ತಿದೆ. ಕೂರಿಸುವ ಮೊದಲು ಕಿತ್ತು ಹಾಕಿ ಅನ್ನುವ ಎಚ್ಚರಿಕೆ ಅದು. ಪೇಸ್ಟ್ ಬದಲಿಸಿದಾಗಲೆಲ್ಲ ಆ ಹಾಳೆಯನ್ನೂ ಶುದ್ಧವಾಗಿ ಒರೆಸಿ, ಮತ್ತೆ ಅದರ ಮೇಲೇ ಪೇಸ್ಟ್ ಹಚ್ಚಿದ್ದಾರೆ ಅಂತ ಕಾಣುತ್ತದೆ. ಶ್ರದ್ಧೆಗೆ ಏನೂ ಕೊರತೆ ಇಲ್ಲ.

ಗ್ರಾಫಿಕ್ಸ್ ಕಾರ್ಡ್‌ನವರ ದುಃಖ ಬೇರೆ. ಹೊಸ ಕಾರ್ಡ್ ಹಾಕಿದರೂ ಗೇಮ್ ಮೊದಲಿನಷ್ಟೇ ನಿಧಾನ, ಒಂದಿಷ್ಟೂ ವ್ಯತ್ಯಾಸ ಇಲ್ಲ ಅಂತ. ವ್ಯತ್ಯಾಸ ಹೇಗೆ ಬರಬೇಕು, ಮಾನಿಟರಿನ ಕೇಬಲ್ ಹೊಸ ಕಾರ್ಡಿಗೆ ಹೋಗದೆ ಇನ್ನೂ ಮದರ್‌ಬೋರ್ಡಿನ ತೂತಿನಲ್ಲೇ ಇದೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಜ್ ಮಾನಿಟರ್ ಕೊಂಡು, ವಿಂಡೋಸ್ ಸೆಟ್ಟಿಂಗ್‌ನಲ್ಲಿ 60 ಇರುವುದನ್ನು ಬದಲಿಸದೆ, ಇದೆಲ್ಲ ಬರೀ ಮಾರ್ಕೆಟಿಂಗ್ ಅಂದವರಿದ್ದಾರೆ. ಅದೇ 60ರಲ್ಲಿ ಇಟ್ಟುಕೊಂಡು, ಆಹಾ ಎಂಥ ನಯ ಅಂತ ಐದು ಸ್ಟಾರ್ ಕೊಟ್ಟವರೂ ಇದ್ದಾರೆ. ಇವರೇ ಸುಖಿಗಳು.

ರ‍್ಯಾಮ್ ವಿಷಯದಲ್ಲಿ ನಾನು ಮತ್ತೆ ಒಂದು ಸ್ಟಾರ್‌ನವರ ಪಕ್ಷ. ಡಬ್ಬದ ಮೇಲೆ ವೇಗ 3200 ಅಂತ ದಪ್ಪಕ್ಷರ. ಕೂರಿಸಿದರೆ ಕಂಪ್ಯೂಟರ್ 2133 ಅನ್ನುತ್ತದೆ. ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಸಿಗುವ ಮೂಲ ಸೆಟ್ಟಿಂಗ್‌ಗಳಿಗೆ ಹೋಗಿ ಎಕ್ಸ್‌ಎಂಪಿ ಅನ್ನುವ ಆಯ್ಕೆಯನ್ನು ಆನ್ ಮಾಡಿದರೆ ಮಾತ್ರ ಡಬ್ಬದ ವೇಗ. ಸರಿ ಅಂತ ಅದನ್ನೂ ಮಾಡಿ, ಸಿಪಿಯು-ಝಡ್ ಅನ್ನುವ, ವೇಗ ತೋರಿಸುವ ಸಾಫ್ಟ್‌ವೇರ್ ತೆರೆದು ನೋಡಿದರೆ 1600! ಡಿಡಿಆರ್ ರ‍್ಯಾಮ್ ತನ್ನ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ. ಡಬ್ಬದವರು ಸಾಗಣೆಯನ್ನು ಎಣಿಸುತ್ತಾರೆ, ಆ ಸಾಫ್ಟ್‌ವೇರ್ ಬಡಿತವನ್ನು ಎಣಿಸುತ್ತದೆ. ಒಂದೇ ರ‍್ಯಾಮಿಗೆ ಮೂರು ನಂಬರ್ ತೋರಿಸಿದರೆ ಯಾರಿಗಾದರೂ ತಲೆ ಕೆಡುತ್ತದೆ.

ಯುಎಸ್‌ಬಿ ಮಂದಿಯಂತೂ ಹೆಸರಿಡುವುದರಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ. 2008ರಲ್ಲಿ ಬಂದ, ಸೆಕೆಂಡಿಗೆ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಆಮೇಲೆ 3.1 ಜೆನ್ 1 ಆಯಿತು, ಅದಾದ ಮೇಲೆ 3.2 ಜೆನ್ 1 ಆಯಿತು. ವೇಗ ಮಾತ್ರ ಅದೇ 5. ಹೊಸದು ಅಂತ ಕೊಂಡು, ಹಳೆಯದರಷ್ಟೇ ನಿಧಾನ ಅಂತ ಬರೆದವರನ್ನು ಯಾವ ಬಾಯಲ್ಲಿ ಪೆದ್ದರು ಅನ್ನೋಣ? ಟೈಪ್-ಸಿ ಕೇಬಲ್‌ದೂ ಇದೇ ಗೋಳು. ತುದಿ ನೋಡಿದರೆ ಎಲ್ಲ ಒಂದೇ. ಒಳಗೆ ಎಷ್ಟೋ ಕೇಬಲ್‌ಗಳು 2000ನೇ ಇಸವಿಯ ಯುಎಸ್‌ಬಿ 2.0ರ 480 ಮೆಗಾಬಿಟ್‌ಗೇ ನಿಂತಿರುತ್ತವೆ.

ಈ ಕೇಬಲ್‌ಗಳ ವಿಷಯದಲ್ಲಿ ಒಬ್ಬರ ರಿವ್ಯೂಗಳನ್ನು ನೆನೆಯಲೇಬೇಕು. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಲ್ಲಿ ಟೈಪ್-ಸಿ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸತೊಡಗಿದರು. ಹಳೇ ತುದಿಯಿಂದ ಟೈಪ್-ಸಿಗೆ ಹೋಗುವ ಕೇಬಲ್‌ನಲ್ಲಿ 56 ಕಿಲೋಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಇರಬೇಕು. ಇಲ್ಲದಿದ್ದರೆ ಫೋನು ಚಾರ್ಜರಿನಿಂದ ಅದರ ತಾಕತ್ತಿಗಿಂತ ಜಾಸ್ತಿ ಕರೆಂಟ್ ಎಳೆಯಬಹುದು. ಅದು ಇದೆಯೋ ಇಲ್ಲವೋ ನೋಡಿ ಅವರು ಅಮೆಜಾನ್‌ನಲ್ಲಿ ಸ್ಟಾರ್ ಕೊಡುತ್ತಿದ್ದರು. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್‌ನೊಳಗೆ ವೈರ್‌ಗಳೇ ಅದಲುಬದಲಾಗಿದ್ದವು. ಪರೀಕ್ಷೆಗೆ ಹಾಕಿದ್ದೇ ತಡ, ಅವರ ಲ್ಯಾಪ್‌ಟಾಪ್ ಕೆಟ್ಟಿತು. ಒಂದು ಸ್ಟಾರ್ ಅಂದರೆ ಅದು. ಅದೇ ಪುಟದಲ್ಲಿ, ಅದೇ ಒಂದು ಸ್ಟಾರ್ ಕೊಟ್ಟು, ಬಣ್ಣ ಫೋಟೋದಲ್ಲಿದ್ದಂತೆ ಇಲ್ಲ ಅನ್ನುವವರಿಗೂ ಸಮಾನ ಜಾಗ. ಸರಾಸರಿ ತೆಗೆಯುವ ಯಂತ್ರಕ್ಕೆ ಇಬ್ಬರೂ ಒಂದೇ.

ವಸ್ತುವಿಗೆ ಸಂಬಂಧವೇ ಇಲ್ಲದ ಸ್ಟಾರ್‌ಗಳ ಲೆಕ್ಕ ಇಟ್ಟವರಿಲ್ಲ. ರಟ್ಟಿನ ಪೆಟ್ಟಿಗೆ ಜಜ್ಜಿತ್ತು, ಒಂದು ಸ್ಟಾರ್. ತಂದುಕೊಟ್ಟ ಹುಡುಗ ತುಂಬಾ ಒಳ್ಳೆಯವನು, ಐದು ಸ್ಟಾರ್. ಇನ್ನೂ ತೆರೆದಿಲ್ಲ, ಆದರೂ ಐದು. ಪ್ರಶ್ನೋತ್ತರದ ಜಾಗದಲ್ಲಂತೂ ಸಜ್ಜನಿಕೆ ತುಂಬಿ ತುಳುಕುತ್ತದೆ. ಈ ಕಾರ್ಡಿಗೆ ಎಷ್ಟು ವಾಟ್‌ನ ಪವರ್ ಸಪ್ಲೈ ಬೇಕು ಅಂತ ಯಾರೋ ಕೇಳಿದರೆ, ನನಗೆ ಗೊತ್ತಿಲ್ಲ, ಮಗನಿಗೆ ಉಡುಗೊರೆ ಕೊಟ್ಟಿದ್ದು ಅಂತ ಒಬ್ಬರು ಉತ್ತರ ಕೊಟ್ಟಿರುತ್ತಾರೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಬಾರದಾ ಅನ್ನಿಸುತ್ತದೆ. ಆದರೆ ಆ ಪ್ರಶ್ನೆಯನ್ನು ಕೊಂಡವರಿಗೆ ಇಮೇಲ್ ಮಾಡಿ, ನಿಮಗೆ ಗೊತ್ತಾ ಅಂತ ಕೇಳುವುದು ಮಾರುವ ತಾಣವೇ. ಮೇಲ್ ನೋಡಿದವರು ಯಾರೋ ತಮ್ಮನ್ನೇ ಕೇಳಿದರು ಅಂದುಕೊಳ್ಳುತ್ತಾರೆ. ಕೇಳಿದವರಿಗೆ ಉತ್ತರ ಕೊಡದೆ ಇರುವುದು ಹೇಗೆ?

ರೌಟರಿನ ಪಂಜರದ ಕಥೆ 2020ರದು. 5ಜಿ ಭಯ ಹರಡಿದ್ದ ಕಾಲ. ವಿಕಿರಣ ತಡೆಯುತ್ತದೆ ಅಂತ ರೌಟರಿಗೆ ಹೊದಿಸುವ ಲೋಹದ ಜಾಲರಿಯ ಡಬ್ಬಗಳು ಮಾರಾಟಕ್ಕೆ ಬಂದವು. ಕೊಂಡವರು ರೌಟರನ್ನು ಒಳಗಿಟ್ಟು ಮುಚ್ಚಿದರು, ಆಮೇಲೆ ವೈಫೈ ಸಿಗ್ನಲ್ಲೇ ಬರುತ್ತಿಲ್ಲ ಅಂತ ದೂರು ಬರೆದರು. ಲೋಹದ ಪಂಜರ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ ಅಂತ ಮೈಕೆಲ್ ಫ್ಯಾರಡೆ 1836ರಲ್ಲೇ ಮಾಡಿ ತೋರಿಸಿದ್ದ. ಇಲ್ಲಿ ಮಜಾ ಏನೆಂದರೆ, ದೂರು ಕೊಟ್ಟವರ ಡಬ್ಬ ಚೆನ್ನಾಗಿ ಕೆಲಸ ಮಾಡಿದೆ. ವೈಫೈಗೆ ಏನೂ ತೊಂದರೆ ಆಗಲಿಲ್ಲ ಅಂತ ಹೊಗಳಿದವರಿಗೇ ಮೋಸ ಆಗಿರುವುದು.

ಬೇಕಂತಲೇ ನಗಿಸುವ ರಿವ್ಯೂಗಳೂ ಇವೆ. ಡೆನಾನ್ ಅನ್ನುವ ಆಡಿಯೋ ಕಂಪನಿ 2008ರ ಸುಮಾರಿಗೆ ಒಂದೂವರೆ ಮೀಟರಿನ ಕೇಬಲ್ ಮಾರುತ್ತಿತ್ತು. ನೋಡೋಕೆ ಮಾಮೂಲಿ ಈಥರ್ನೆಟ್ ಕೇಬಲ್, ಬೆಲೆ ಕೇಳಿದರೆ ಎದೆ ಒಡೆಯಬೇಕು. ಸಿಗ್ನಲ್ ಯಾವ ಕಡೆಗೆ ಹರಿಯಬೇಕು ಅಂತ ಅದರ ಮೇಲೆ ಬಾಣದ ಗುರುತು ಬೇರೆ. ಅಮೆಜಾನ್‌ನಲ್ಲಿ ಅದಕ್ಕೆ ಗೇಲಿ ರಿವ್ಯೂಗಳ ಸುರಿಮಳೆ ಆಯಿತು. ಜಾಣತನದ ಬರವಣಿಗೆ, ಒಪ್ಪುತ್ತೇನೆ. ನನಗೆ ಮಾತ್ರ ಹತ್ತು ಓದುವಷ್ಟರಲ್ಲಿ ಸಾಕಾಗುತ್ತದೆ. ಪ್ರಾಮಾಣಿಕವಾಗಿ ಸಿಟ್ಟಾದವರ ಮುಂದೆ ಈ ಜಾಣರು ಸಪ್ಪೆ.

ನಗು ನಿಲ್ಲುವುದು ನಕಲಿ ಪೆನ್ ಡ್ರೈವ್‌ಗಳ ಪುಟದಲ್ಲಿ. ಎರಡು ಟಿಬಿ ಅಂತ ಬರೆದಿರುತ್ತದೆ, ಒಳಗಿನ ಚಿಪ್‌ನಲ್ಲಿ ಇರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಫರ್ಮ್‌ವೇರ್ (ಡ್ರೈವಿನೊಳಗಿನ ಸಾಫ್ಟ್‌ವೇರ್) ತಿದ್ದಿರುವುದರಿಂದ ಕಂಪ್ಯೂಟರಿಗೆ ಎರಡು ಟಿಬಿ ಅಂತಲೇ ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಫೈಲುಗಳು ಹಳೆಯದರ ಮೇಲೆ ಬೀಳುತ್ತವೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಹೆಸರು ಮಾತ್ರ ಪಟ್ಟಿಯಲ್ಲಿ ಕಾಣುತ್ತಿರುತ್ತದೆ. ಕೊಂಡ ದಿನವೇ ಚುಚ್ಚಿ ನೋಡಿ, ಹೇಳಿದಷ್ಟೂ ಜಾಗ ಇದೆ ಅಂತ ಐದು ಸ್ಟಾರ್ ಕೊಟ್ಟವರಿಗೆ ಎಷ್ಟೋ ತಿಂಗಳ ನಂತರ ಫೋಟೋ ತೆರೆಯಲು ಹೋದಾಗ ಗೊತ್ತಾಗುವುದು. ಆಗ ರಿವ್ಯೂ ತಿದ್ದುವ ನೆನಪು ಯಾರಿಗಿರುತ್ತದೆ? ಡ್ರೈವನ್ನು ಪೂರ್ತಿ ತುಂಬಿಸಿ, ತಿರುಗಿ ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಅವುಗಳಲ್ಲಿ ಪರೀಕ್ಷಿಸಿ ಬರೆದ ಒಂದೇ ಒಂದು ರಿವ್ಯೂ ಇವತ್ತು ನೋಡಿದ ಪುಟದ ತಳದಲ್ಲೆಲ್ಲೋ ಬಿದ್ದಿತ್ತು. ಮೇಲೆಲ್ಲ ಹೊಗಳಿಕೆ. 931 ಅಂತ ಕೂಗಾಡಿದವರು ಕನಿಷ್ಠ ಜಾಗ ಎಷ್ಟಿದೆ ಅಂತ ತೆರೆದು ನೋಡಿದ್ದರು.

ಮಲಗುವ ಮೊದಲು ಕೊನೆಯದಾಗಿ ಒಂದು ಪವರ್ ಸಪ್ಲೈ ರಿವ್ಯೂ ಓದಿದೆ. ಬಂದದ್ದೇ ಸತ್ತಿತ್ತು, ಮೋಸಗಾರರು, ಯಾರೂ ಕೊಳ್ಳಬೇಡಿ ಅಂತ ಉದ್ದಕ್ಕೆ ಬೈದು ಒಂದು ಸ್ಟಾರ್ ಕೊಟ್ಟಿದ್ದಾರೆ. ಅದರ ಕೆಳಗೆ ಮರುದಿನದ ತಿದ್ದುಪಡಿ ಇದೆ. ಹಿಂದುಗಡೆ ಒಂದು ಪುಟ್ಟ ಸ್ವಿಚ್ ಇದೆಯಂತೆ, ಅದು ಸೊನ್ನೆಯ ಕಡೆ ಇತ್ತಂತೆ, ಒಂದರ ಕಡೆ ಒತ್ತಿದ ಮೇಲೆ ಎಲ್ಲ ಸರಿಯಾಗಿದೆಯಂತೆ. ಸ್ಟಾರ್ ಮಾತ್ರ ಒಂದೇ ಇರಲಿ, ಸ್ವಿಚ್ ಇದೆ ಅಂತ ಮೊದಲೇ ಹೇಳಬೇಕಿತ್ತು ಅಂತ ಮುಗಿಸಿದ್ದಾರೆ. ಈ ರಿವ್ಯೂ ನಿಮಗೆ ಉಪಯೋಗ ಆಯಿತೇ ಅಂತ ಕೆಳಗೆ ಕೇಳಿತ್ತು. ಹೌದು ಅಂತ ಒತ್ತಿದೆ.